ಹೆಸರೊಂದೇ, ಚೀಲ ಎರಡು: ಸುಂಕದ ಶೀರ್ಷಿಕೆ ಸರಿಪಡಿಸಿದ ನನ್ನ ಅನುಭವ

ತೀರ್ಥಹಳ್ಳಿಯ ನಮ್ಮ ಅಂಗಡಿಗೆಂದು ಮಳೆಗಾಲಕ್ಕೆ ಮುಂಚೆ ಎರಡು ಬಗೆಯ ಚೀಲಗಳನ್ನು ಆಮದು ಮಾಡಿಕೊಂಡೆ: ಅಡಿಕೆಗೂ ಕಾಳುಮೆಣಸಿಗೂ ತೇವ ತಗಲದಂತೆ ಗೋಣಿಯೊಳಗೆ ಹಾಕುವ ಪಾಲಿಥೀನ್ ಚೀಲ, ಮತ್ತು ರೇಷ್ಮೆ ಸೀರೆ ಎತ್ತಿಡಲು ಜಿಪ್ ಇರುವ ಹತ್ತಿಬಟ್ಟೆಯ ಚೀಲ. ಇನ್‌ವಾಯ್ಸ್‌ನಲ್ಲಿ ಎರಡಕ್ಕೂ ‘ಸ್ಟೋರೇಜ್ ಬ್ಯಾಗ್’ ಎಂದೇ ಇದ್ದುದರಿಂದ, ಕಸ್ಟಮ್ಸ್ ಏಜೆಂಟರು ಆಮದಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿಯ ಕರಡಿನಲ್ಲಿ ಎರಡನ್ನೂ ಸೂಟ್‌ಕೇಸ್, ಕೈಚೀಲಗಳ ಶೀರ್ಷಿಕೆಯಾದ (ಸುಂಕಪಟ್ಟಿಯಲ್ಲಿ ಆಯಾ ಬಗೆಯ ಸರಕಿಗೆ ಕೊಟ್ಟ ಸಂಖ್ಯೆ) 4202ರಲ್ಲಿ ಸೇರಿಸಿದ್ದರು.

1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ವ್ಯಾಖ್ಯಾನ ನಿಯಮ 1ರಂತೆ ವರ್ಗೀಕರಣವನ್ನು ಮೊದಲು ನಿರ್ಧರಿಸುವುದು ಶೀರ್ಷಿಕೆಯ ಪದಗಳು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳೇ ಹೊರತು ಮಾರುವವರು ಇಟ್ಟ ಹೆಸರಲ್ಲ. ಆದ್ದರಿಂದ ಮಾದರಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದರಲ್ಲಿ ನೇಯ್ಗೆಯೇ ಇಲ್ಲ, ಬರಿಯ ಹಾಳೆ, ಶಾಖದಿಂದ ಬೆಸೆದ ಅಂಚು. ಇನ್ನೊಂದರ ಅಂಚಿನಿಂದ ಹಾಸು, ಹೊಕ್ಕು ಎರಡೂ ನೂಲು ಬಿಡಿಬಿಡಿಯಾಗಿ ಎಳೆದುಬಂದವು.

ಸರಕು ತುಂಬುವ ಪಾಲಿಥೀನ್ ಚೀಲಕ್ಕೆ 3923 21 ಎಂಬುದು ಬೇಗ ಸ್ಪಷ್ಟವಾಯಿತು. ನಿಜವಾಗಿ ಯೋಚಿಸಬೇಕಾದದ್ದು ಬಟ್ಟೆಯ ಚೀಲದ ಬಗ್ಗೆ. ಜವಳಿ ಚೀಲವೆಂದೊಡನೆ 6305 ನೆನಪಾಗುತ್ತದೆ. ಆದರೆ ಅದು ಸರಕು ಪ್ಯಾಕ್ ಮಾಡುವ ಬಗೆಯ ಚೀಲಗಳಿಗೆ ಮಾತ್ರ ಮೀಸಲು, ಬೀರುವಿನಲ್ಲಿ ಸೀರೆ ಕಾಪಾಡುವ ಚೀಲ ಆ ಬಗೆಯದಲ್ಲ. ಸರಕು ವರ್ಗೀಕರಣದ ಅಂತರರಾಷ್ಟ್ರೀಯ ಪದ್ಧತಿಯಾದ ಎಚ್‌ಎಸ್‌ನ ವಿವರಣಾ ಟಿಪ್ಪಣಿಗಳು 4202ಕ್ಕೆ ಸೇರದ ಉಡುಪಿನ ಚೀಲಗಳನ್ನೂ ಪಾದರಕ್ಷೆಯ ಚೀಲಗಳನ್ನೂ ಇತರ ಸಿದ್ಧ ಜವಳಿ ವಸ್ತುಗಳ 6307ರಡಿ ಹೆಸರಿಸುತ್ತವೆ. ನಮ್ಮದಕ್ಕೆ ಹಿಡಿಯೂ ಇಲ್ಲ, ಪ್ರಯಾಣಕ್ಕೆ ಒಯ್ಯುವ ಆಕಾರವೂ ಇಲ್ಲವಾದ್ದರಿಂದ 6307 90 ಸರಿಯೆನಿಸಿತು.

ಮಾರಾಟಗಾರರಿಂದ ವಸ್ತು, ನೂಲು, ಬಳಕೆ ಬೇರೆಬೇರೆ ಸಾಲಿನಲ್ಲಿ ನಮೂದಿಸಿದ ಇನ್‌ವಾಯ್ಸ್ ತರಿಸಿ, ಫೋಟೊಗಳೊಂದಿಗೆ ಏಜೆಂಟರಿಗೆ ಕೊಟ್ಟೆ. ಬಿಲ್ ಸಲ್ಲಿಸುವ ಮೊದಲೇ ಎರಡೂ ಸಾಲು ತಿದ್ದಿದರು.