ಮಹಾವೀರಾಚಾರ್ಯರ ಸಂಖ್ಯೆಗೆ ಜಾತಕ ಬರೆಯುವುದು ಹೇಗೆ?

12,34,56,54,321. ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಹೆಚ್ಚೂಕಡಿಮೆ ಹೀಗೇ ಬಣ್ಣಿಸಿದ್ದಾರೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ದಾಟಿದ ಈ ಸಂಖ್ಯೆಯ ಗುಣ ತಿಳಿಯಲು ಕಂಪ್ಯೂಟರ್ ಬೇಡ. ಹಾಳೆ, ಪೆನ್ನು ಸಾಕು.

ಮೊದಲು ಸುಲಭದ ಪರೀಕ್ಷೆಗಳು. ಕೊನೆಯ ಅಂಕಿ 1, ಹಾಗಾಗಿ ಬೆಸ ಸಂಖ್ಯೆ. ಹಿಂದಿನಿಂದ ಓದಿದರೂ ಅದೇ, ‘ವಿಕಟಕವಿ’ಯ ಹಾಗೆ. ಅಂಕಿಗಳನ್ನೆಲ್ಲ ಕೂಡಿದರೆ 36, ಅಂದರೆ 9ರಿಂದ ಭಾಗವಾಗುತ್ತದೆ. ಇನ್ನು ಒಂದು ಬಿಟ್ಟು ಒಂದು ಅಂಕಿ ಕೂಡಿ: 1+3+5+5+3+1 = 18. ಉಳಿದವು: 2+4+6+4+2 = 18. ಎರಡೂ ಒಂದೇ ಬಂತಲ್ವಾ? ಹಾಗಾದರೆ 11ರಿಂದಲೂ ಭಾಗವಾಗುತ್ತದೆ.

ಎರಡನೇ ಹೆಜ್ಜೆ, ವರ್ಗಮೂಲ. ಉತ್ತರ 111111. ನಂಬಿಕೆ ಬರದಿದ್ದರೆ ಅದನ್ನು ಅದರಿಂದಲೇ ಶಾಲೆಯಲ್ಲಿ ಕಲಿತ ಹಾಗೆ ಗುಣಿಸಿ. ಆರು ಸಾಲು ಬರುತ್ತವೆ, ಒಂದೊಂದೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯಲ್ಲಿ ಕೂಡಲು ಒಂದೇ 1, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಇಳಿಕೆ. ಯಾವ ಮೊತ್ತವೂ 9 ದಾಟದ ಕಾರಣ ಪಕ್ಕದ ಮನೆಗೆ ಏನೂ ಸಾಗಿಸಬೇಕಿಲ್ಲ. ಈ ಆಟ ಒಂಬತ್ತು 1ಗಳವರೆಗೆ ನಡೆಯುತ್ತದೆ. ಹತ್ತಾದರೆ ಚಂದ ಕೆಡುತ್ತದೆ.

ಈಗ ಒಡೆಯಬೇಕಾದದ್ದು 111111 ಮಾತ್ರ. ಅದು 111 × 1001. 111 ಎಂದರೆ 3 × 37. 1001 ಎಂದರೆ 7 × 11 × 13. ಐದೂ ಅವಿಭಾಜ್ಯ ಸಂಖ್ಯೆಗಳೇ. ನಮ್ಮ ಸಂಖ್ಯೆಯಲ್ಲಿ ಒಂದೊಂದೂ ಎರಡೆರಡು ಸಲ ಇದೆ.

ಭಾಜಕಗಳೆಷ್ಟು? ಪ್ರತಿ ಅವಿಭಾಜ್ಯವನ್ನು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ. ಮೂರು ದಾರಿ, ಐದು ಅವಿಭಾಜ್ಯ: 3×3×3×3×3 = 243.

ನನಗೆ ಜಾಸ್ತಿ ಇಷ್ಟವಾದದ್ದು ಕೊನೆಯ ಪರೀಕ್ಷೆ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಮೂಲ ಸಂಖ್ಯೆಗಿಂತ ಹೆಚ್ಚು ಬಂದರೆ, ಅದು ಸಮೃದ್ಧ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಇಂಥವು ಅಪರೂಪ. ಮೊದಲನೆಯದು ಸಿಗುವುದೇ 945ರಲ್ಲಿ.

ಸುಮ್ನೆ 243 ಭಾಜಕಗಳನ್ನು ಬರೆಯುತ್ತಾ ಕೂರಬೇಡಿ. ಪ್ರತಿ ಅವಿಭಾಜ್ಯಕ್ಕೆ ‘1 + ಅದು + ಅದರ ವರ್ಗ’ ಹಾಕಿ. 3ಕ್ಕೆ 1+3+9 = 13. ಹೀಗೇ 7ಕ್ಕೆ 57, 11ಕ್ಕೆ 133, 13ಕ್ಕೆ 183, 37ಕ್ಕೆ 1407. ಐದನ್ನೂ ಗುಣಿಸಿದರೆ ಎಲ್ಲ 243 ಭಾಜಕಗಳ ಮೊತ್ತ ಸಿಗುತ್ತದೆ: 25,37,55,24,993. ಇದರಲ್ಲಿ ನಮ್ಮ ಸಂಖ್ಯೆಯನ್ನು ಕಳೆದರೆ ಉಳಿಯುವುದು 13,02,98,70,672. ಮೂಲಕ್ಕಿಂತ 68 ಕೋಟಿಗೂ ಹೆಚ್ಚು! ಹಾಗಾಗಿ ಇದು ಸಮೃದ್ಧ.

ಇನ್ನೊಂದು ತಮಾಷೆ ನೋಡಿ. 37 ಅನ್ನು ಪೂರ್ತಿ ಕೈಬಿಟ್ಟರೆ ಉಳಿಯುವುದು 3003ರ ವರ್ಗ, ಅಂದರೆ 90,18,009. ಅದರ ಉಳಿದ ಭಾಜಕಗಳ ಮೊತ್ತ 90,17,190. ಬರೀ 819 ಕಡಿಮೆ ಬಿತ್ತು. ಆ ಕೊರತೆ ತುಂಬಿದ್ದು 37.