ಆಯಿ ತೋರಿಸಿದ ಜಾಗದಲ್ಲೇ ಸಿಕ್ಕಿತು ಎರಡಾಣೆ

ಬೀದರ್‌ನಿಂದ ಹುಮನಾಬಾದ್ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ಮುತ್ಯಾನ ಕಾಲದ ಮನೆ ಬಿದ್ದು ಮೂವತ್ತು ವರ್ಷವಾಯಿತು. ಮಾಳಿಗೆ ಕುಸಿದಿದೆ. ಜಂಬಿಟ್ಟಿಗೆ ಗೋಡೆ ಸೊಂಟದೆತ್ತರ ಉಳಿದಿದೆ. ಪಡಸಾಲೆಯಲ್ಲಿ ಜಾಲಿ ಬೆಳೆದಿದೆ. ಕಳೆದ ವರ್ಷ ಮಿರಗ (ಮೃಗಶಿರ) ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ, ಮೆಟಲ್ ಡಿಟೆಕ್ಟರ್ ಹಿಡಿದು ನಾಲ್ಕು ಭಾನುವಾರ ಅಲ್ಲಿ ಹಳೇ ನಾಣ್ಯ ಹುಡುಕಿದೆ.

ಜಾಗದಲ್ಲಿ ಇಬ್ಬರು ಕಾಕಾಗಳ ಪಾಲೂ ಇದೆ. ಅವರನ್ನು ಕೇಳಿದೆ, ಓಣಿಯವರಿಗೂ ಹೇಳಿದೆ. ಹಾಳುಮನೆಯಲ್ಲಿ ಅಗೆಯುವವರನ್ನು ಕಂಡರೆ ನಿಧಿಗಳ್ಳರು ಅಂತ ಜನ ಹೆದರುತ್ತಾರೆ, ಅದು ಸಹಜ. ಹಾಗಾಗಿ ಹಗಲಲ್ಲಿ ಮಾತ್ರ ಹೋಗುತ್ತಿದ್ದೆ.

ಮೊದಲ ಭಾನುವಾರ ಪೂರ್ತಿ ವ್ಯರ್ಥ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಯಂತ್ರ ಸುಮ್ನೆ ಕೂಗುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಮೊದಲು ಅದನ್ನು ನೆಲಕ್ಕೆ ಹೊಂದಿಸಬೇಕು. ಏನೂ ಇಲ್ಲದ ಜಾಗ ನೋಡಿ, ಯಂತ್ರದ ತುದಿಯ ದುಂಡನೆ ತಟ್ಟೆಯನ್ನು (ಕಾಯಿಲ್) ನೆಲದ ಹತ್ತಿರ ಮೇಲೆ ಕೆಳಗೆ ಆಡಿಸುತ್ತಾ, ಸದ್ದು ಸಮ ಆಗುವವರೆಗೆ ಗುಂಡಿ ತಿರುಗಿಸಬೇಕು. ಸೆನ್ಸಿಟಿವಿಟಿಯನ್ನೂ, ಅಂದರೆ ಯಂತ್ರದ ಸೂಕ್ಷ್ಮತೆಯನ್ನೂ ಅರ್ಧಕ್ಕೆ ಇಳಿಸಿದೆ. ಆಳ ಸ್ವಲ್ಪ ಕಡಿಮೆಯಾಯಿತು, ಆದರೆ ಗದ್ದಲ ನಿಂತಿತು. ಜಂಬಿಟ್ಟಿಗೆ ಚೂರುಗಳೂ ಮೋಸ ಮಾಡುತ್ತವೆ. ಒಂದು ಕಡೆಯಿಂದ ಆಡಿಸಿದರೆ ಸದ್ದು, ಅಡ್ಡ ತಿರುಗಿ ಆಡಿಸಿದರೆ ಇಲ್ಲ. ನಾಣ್ಯ ಹಾಗಲ್ಲ, ಯಾವ ಕಡೆಯಿಂದ ಬಂದರೂ ಅದೇ ಜಾಗದಲ್ಲಿ, ಅದೇ ದನಿಯಲ್ಲಿ ಕರೆಯುತ್ತದೆ.

ಎರಡನೇ ಭಾನುವಾರ ಎತ್ತಿನ ನಾಲು, ಬೀಗದ ಕೊಂಡಿ, ಮೊಳೆ, ಗುಟ್ಕಾ ಚೀಟಿ ಇಷ್ಟೇ ಸಿಕ್ಕವು. ರಾತ್ರಿ ಆಯಿಯ, ಅಂದರೆ ನಮ್ಮ ಅಜ್ಜಿಯ ಹತ್ತಿರ ಕೂತೆ. ಮದುವೆಯಾಗಿ ಅದೇ ಮನೆಗೆ ಬಂದವಳು ಅವಳು.

“ಎಲ್ಲಿ ಹುಡುಕ್ಲಕ್ಕತ್ತಿ?” ಅಂದಳು. ಪಡಸಾಲೆ, ಅಡುಗೆಮನೆ ಅಂದೆ.

“ಅಲ್ಲಿ ಯಾರು ರೊಕ್ಕ ಹಿಡಿತಿದ್ರು? ನಿಮ್ಮ ಮುತ್ಯಾನ ಅಪ್ಪ ಹೊರಗಿನ ಕಟ್ಟಿ ಮ್ಯಾಗ ಬೆಲ್ಲ, ಉಪ್ಪು, ಎಲಿ ಅಡಿಕಿ ಮಾರತಿದ್ರು. ಅಲ್ಲಿ ನೋಡು.”

ಮೂರನೇ ವಾರ ಪಡಸಾಲೆ ಬಿಟ್ಟು ಕಟ್ಟೆಯ ಮುಂದೆ ಹೋದೆ. ಎರಡು ಮಾರು ಉದ್ದ, ಒಂದು ಮಾರು ಅಗಲ, ಅಷ್ಟೇ ಜಾಗ. ಹೆಜ್ಜೆಗೆ ಹೆಜ್ಜೆ ಕೂಡಿಸಿ ನಿಧಾನ ನಡೆದೆ. ಗಿರಾಕಿಗಳು ನಿಲ್ಲುತ್ತಿದ್ದ ಕಡೆ ಮೊದಲ ಒಳ್ಳೆ ದನಿ ಬಂತು. ಖುರ್ಪಿಯಿಂದ ಗೇಣಗಲ ಮಣ್ಣನ್ನು ಇಡೀ ಹೆಂಟೆಯಾಗಿ ಎತ್ತಿ, ಕೈಯಲ್ಲಿ ಪುಡಿ ಮಾಡಿದೆ. ಹಸಿರು ಹಿಡಿದ ಸಣ್ಣ ಬಿಲ್ಲೆ, ನಡುವೆ ದುಂಡನೆಯ ತೂತು. ನಿಜಾಮರ ಹೈದರಾಬಾದಿನ ಎರಡು ಪೈ. 1940ರ ದಶಕದ್ದು.

ಅದನ್ನು ನಾನೇ ಕೆಡಿಸಿದೆ. ಸಂತೋಷದಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಾಮ್ರ ಹೊಳೆಯಿತು, ಅಕ್ಷರದ ಅಂಚೆಲ್ಲ ಹೋಯಿತು. ಆ ಹಸಿರು ಪದರವೇ ಇಷ್ಟು ವರ್ಷ ಅದನ್ನು ಕಾಪಾಡಿತ್ತು. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಯಾರೂ ತಿಕ್ಕಬೇಡಿ. ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಮಣ್ಣು ತಾನಾಗಿ ಬಿಡುವವರೆಗೆ ಕಾಯಿರಿ, ಸಾಕು.

ನಾಲ್ಕನೇ ವಾರ ಕಟ್ಟೆಯ ಬುಡದಲ್ಲಿ, ಎರಡು ಕಲ್ಲಿನ ಸಂದಿಯಲ್ಲಿ, ಉಗುರಿಗಿಂತ ಸ್ವಲ್ಪ ದೊಡ್ಡ ಬೆಳ್ಳಿ ಸಿಕ್ಕಿತು. ಎರಡಾಣೆ. ತೂಕ ಒಂದೂವರೆ ಗ್ರಾಂ ಸಹ ಇಲ್ಲ. ನೀರಲ್ಲಿಟ್ಟಾಗ ನಾಲ್ಕು ಮಿನಾರುಗಳು ಒಂದೊಂದಾಗಿ ಎದ್ದವು, ಚಾರ್ಮಿನಾರ್! ಅದರ ಬಾಗಿಲೊಳಗೆ ಒಂದು ಪುಟ್ಟ ಅಕ್ಷರ. ಓಣಿಯ ನಿವೃತ್ತ ಉರ್ದು ಮಾಸ್ತರರು ಭೂತಗನ್ನಡಿ ಹಿಡಿದು ‘ಐನ್’ ಎಂದರು. ಐನ್ ಅಂದರೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಕಾಲದ್ದು, 1911ರಿಂದ ಈಚೆಗೆ. ‘ಮೀಮ್’ ಇದ್ದಿದ್ದರೆ ಅವರ ತಂದೆ ಮಹಬೂಬ್ ಅಲಿ ಖಾನ್ ಕಾಲದ್ದು. ಹಿಜರಿ ಇಸವಿ ಸವೆದು ಹೋಗಿತ್ತು.

ಆಯಿ ಅದನ್ನು ಅಂಗೈಯಲ್ಲಿ ಹಿಡಿದು “ಹಾಲಿ ಸಿಕ್ಕಾ” ಅಂದಳು. ನಿಜಾಮರ ಸ್ವಂತ ನಾಣ್ಯಕ್ಕೆ ಆಗ ಅದೇ ಹೆಸರು. ಏಳು ಹಾಲಿ ರೂಪಾಯಿಗೆ ಆರು ಕಂಪನಿ (ಬ್ರಿಟಿಷ್) ರೂಪಾಯಿ ಬರುತ್ತಿದ್ದ ಲೆಕ್ಕ ಅವಳಿಗೆ ಇನ್ನೂ ಬಾಯಿಪಾಠ. ತೂತಿನ ದುಡ್ಡನ್ನು ಉಡದಾರಕ್ಕೆ ಕಟ್ಟುತ್ತಿದ್ದರಂತೆ, ಅದನ್ನು ಅವತ್ತೇ ಹೇಳಿದಳು.

ನೆಲದಲ್ಲಿ ಸಿಕ್ಕ ಬೆಲೆಯ ವಸ್ತು ಸಿಕ್ಕವರ ಪಾಲು ಅಂತ ಅಂದುಕೊಳ್ಳಬೇಡಿ. ಅದಕ್ಕೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಇದೆ. ನನ್ನ ಎರಡಾಣೆ ನೂರು ದಾಟಿದೆಯೋ ಇಲ್ಲವೋ ಇಸವಿ ಇಲ್ಲದೆ ಹೇಳುವಂತಿಲ್ಲ. ಅದಕ್ಕೇ ಎರಡೂ ನಾಣ್ಯದ ಫೋಟೋ, ಸಿಕ್ಕ ಜಾಗ, ಆಳ, ತಾರೀಖು ಬರೆದು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳ ಹತ್ತಿರವಂತೂ ಡಿಟೆಕ್ಟರ್ ಒಯ್ಯಲೇಬಾರದು. ಅವು ಸಂರಕ್ಷಿತ ಸ್ಮಾರಕಗಳು.

ಅಗೆದ ಗುಂಡಿಗಳನ್ನೆಲ್ಲ ಮುಚ್ಚಿ ತುಳಿದು ಬಂದಿದ್ದೇನೆ. ಹಿತ್ತಲ ಬಾವಿಯ ಹತ್ತಿರ ಹೆಂಗಸರು ಸೀರೆ ಒಗೆಯುತ್ತಿದ್ದ ಕಲ್ಲು ಇತ್ತಂತೆ, ಸೆರಗಿನ ಗಂಟಿನಿಂದ ದುಡ್ಡು ಜಾರುತ್ತಿದ್ದದ್ದು ಅಲ್ಲೇ ಅಂತೆ. ಈ ಸಲ ಮಿರಗ ಬಿದ್ದ ಮೇಲೆ ಆಯಿಯನ್ನೂ ಕರೆದುಕೊಂಡು ಹೋಗುತ್ತೇನೆ. ಆ ಕಲ್ಲು ಎಲ್ಲಿತ್ತು ಅಂತ ಅವಳೇ ನಿಂತು ತೋರಿಸಬೇಕು.