ಹೊರಗಿನ ತಂಡ ಬರುತ್ತೋ ಇಲ್ವೋ: ಸಣ್ಣ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ನನ್ನ ಅನುಭವ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ಎನ್‌ಬಿಎ. ಅದರ ಕೆಳಗೆ ಸಣ್ಣ ಊರುಗಳಲ್ಲಿ ಆಡುವ ವೃತ್ತಿಪರ ಲೀಗುಗಳೂ ಇವೆ. ಆಟಗಾರರಿಗೆ ಹಣ ಸಿಗುತ್ತದೆ, ಆದರೆ ಅದರಲ್ಲೇ ಜೀವನ ನಡೆಯುವುದಿಲ್ಲ. ಹೆಚ್ಚಿನವರಿಗೆ ಹಗಲು ಬೇರೆ ಕೆಲಸ. ಒಹಾಯೋದ ಅಂಥ ಒಂದು ತಂಡಕ್ಕೆ ನಾನು ಕೆಲವು ಸೀಸನ್ ಪಂದ್ಯದ ದಿನದ ವ್ಯವಸ್ಥೆ ನೋಡಿಕೊಂಡಿದ್ದೇನೆ. ಜಿಮ್ (ಪಂದ್ಯ ನಡೆಯುವ ಒಳಾಂಗಣ), ರೆಫರಿ, ಟಿಕೆಟ್, ಸ್ಕೋರ್ ಟೇಬಲ್ ಎಲ್ಲ ನನ್ನದೇ ಜವಾಬ್ದಾರಿ. ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಎದುರಾಳಿಯನ್ನು ನಮ್ಮ ಜಿಮ್ ಬಾಗಿಲಿಗೆ ಕರೆತರುವುದು.

ಇದು ನಮ್ಮೊಬ್ಬರ ಪಾಡಲ್ಲ. 2000ದಲ್ಲಿ ಆಟ ಶುರು ಮಾಡಿದ ಎಬಿಎ ಅನ್ನುವ ಲೀಗು (1976ರಲ್ಲಿ ಎನ್‌ಬಿಎ ಜತೆ ಸೇರಿಹೋದ ಹಳೇ ಎಬಿಎ ಬೇರೆ) ಊರೂರಿಗೆ ತಂಡ ಕೊಟ್ಟಿತು, ನೂರಾರು ತಂಡಗಳು ಬಂದು ಹೋದವು, ಎಷ್ಟೋ ತಂಡಗಳು ಒಂದು ಸೀಸನ್ ಕೂಡ ಮುಗಿಸಲಿಲ್ಲ. 1946ರಲ್ಲಿ ಹುಟ್ಟಿದ ಸಿಬಿಎ ಅನ್ನುವ ಇನ್ನೊಂದು ಲೀಗು ತನ್ನ ಕೊನೆಯ ಸೀಸನ್ನಿಗೆ, ಅಂದರೆ 2008-09ಕ್ಕೆ, ಬರುವಷ್ಟರಲ್ಲಿ ನಾಲ್ಕೇ ತಂಡ ಉಳಿದಿದ್ದವು. ವೇಳಾಪಟ್ಟಿ ತುಂಬಿಸಲು ಎಬಿಎ ತಂಡಗಳನ್ನು ಕರೆದು ಆಡಿಸಿದರು. ಕೆನಡಾದ ಎನ್‌ಬಿಎಲ್ ಲೀಗಿನಲ್ಲಿ 2015ರ ಫೈನಲ್ಸ್‌ನ ಏಳನೇ, ಅಂದರೆ ನಿರ್ಣಾಯಕ, ಪಂದ್ಯಕ್ಕೇ ಹ್ಯಾಲಿಫ್ಯಾಕ್ಸ್ ರೇನ್‌ಮೆನ್ ಇಳಿಯಲಿಲ್ಲ. ಬೆಳಗ್ಗೆ ಎರಡೂ ತಂಡಗಳ ನಡುವೆ ಹೊಡೆದಾಟ ಆಗಿತ್ತು, ಅವರು ಊರು ಬಿಟ್ಟು ಹೊರಟೇಹೋದರು, ಆಡದೇ ವಿಂಡ್ಸರ್ ಎಕ್ಸ್‌ಪ್ರೆಸ್‌ಗೆ ಪ್ರಶಸ್ತಿ ಬಂತು. ವಿಂಡ್ಸರ್ ಡೆಟ್ರಾಯಿಟ್ ನದಿಯಾಚೆಯ ಊರು, ನಮಗೆ ದೂರವೇನಲ್ಲ. ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಅಲ್ಲಿ ಟಿಕೆಟ್ ಮಾರಿದವರು.

ಹೊಡೆದಾಟದಿಂದ ನಿಲ್ಲುವುದು ಅಪರೂಪ. ಸಾಮಾನ್ಯವಾಗಿ ನಿಲ್ಲುವುದು ದುಡ್ಡಿಲ್ಲದೆ. ಇಂಥ ಲೀಗುಗಳಲ್ಲಿ ಟಿಕೆಟ್ ಹಣ ಪೂರ್ತಿ ಆತಿಥೇಯ ತಂಡಕ್ಕೆ. ಬರುವವರಿಗೆ ವ್ಯಾನ್ ಬಾಡಿಗೆ, ಪೆಟ್ರೋಲು, ಹೋಟೆಲು, ಊಟ ಎಲ್ಲ ಕೈಯಿಂದ. ಜನವರಿ ಹೊತ್ತಿಗೆ ಮಾಲೀಕನ ಕೈ ಬರಿದಾದರೆ ಅವನು ಮೊದಲು ಕೈಬಿಡುವುದು ದೂರದ ಪಂದ್ಯವನ್ನೇ. ತನ್ನೂರಿನ ಪಂದ್ಯ ಬಿಡೋಕಾಗಲ್ಲ, ಅಲ್ವಾ? ಹಾಗಾಗಿ ಅವರನ್ನು ಬೈದು ಪ್ರಯೋಜನವಿಲ್ಲ, ಬರುವುದರಿಂದ ಅವರಿಗೂ ಏನಾದರೂ ಸಿಗಬೇಕು ಅಂತ ನನಗೆ ಖಾತ್ರಿಯಾಯಿತು.

ನಾನು ಮಾಡಿದ್ದು ಇಷ್ಟು. ವೇಳಾಪಟ್ಟಿ ಕೂಡಿಸುವಾಗಲೇ ಅದೇ ದಿನ ಹೋಗಿ ಬರುವಷ್ಟು ಹತ್ತಿರದ ತಂಡಗಳನ್ನು ಕೇಳಿ ಪಡೆದೆ. ದೂರದಿಂದ ಬರಲೇಬೇಕಾದವರಿಗೆ ಹೋಟೆಲ್ ನಾವೇ ಬುಕ್ ಮಾಡಿದೆವು, ನಮ್ಮ ಪ್ರಾಯೋಜಕರ ಹೋಟೆಲಾದ್ದರಿಂದ ಅಗ್ಗವಾಗಿ ಸಿಕ್ಕಿತು. ಪೆಟ್ರೋಲಿಗೂ ಒಂದಿಷ್ಟು ಅಂತ ಮಾತಾಡಿಕೊಂಡೆವು, ಆದರೆ ಮುಂಗಡ ಇಲ್ಲ, ವ್ಯಾನ್ ಜಿಮ್ ಮುಂದೆ ನಿಂತ ಮೇಲೆ ಕೈಗೆ. "ಅವರ ಖರ್ಚು ನಾವ್ಯಾಕೆ ಕೊಡಬೇಕು?" ಅಂತ ನಮ್ಮವರೇ ತಕರಾರು ತೆಗೆದರು. ಪಂದ್ಯ ರದ್ದಾದರೆ ಜಿಮ್ ಬಾಡಿಗೆ ವಾಪಸ್ ಬರಲ್ಲ, ಕೊನೇ ಗಳಿಗೆಯಲ್ಲಿ ಬೇಡ ಅಂದರೂ ರೆಫರಿಗಳಿಗೆ ಕೊಡಲೇಬೇಕು, ಟಿಕೆಟ್ ಹಣ ಹಿಂದಿರುಗಿಸಬೇಕು. ಇದನ್ನೆಲ್ಲ ಕೂಡಿಸಿ ತೋರಿಸಿದ ಮೇಲೆ ಒಪ್ಪಿದರು.

ಅದಕ್ಕಿಂತ ದೊಡ್ಡ ನಷ್ಟ ಹಾಫ್‌ಟೈಮ್‌ನದು, ಅಂದರೆ ಪಂದ್ಯದ ನಡುವಿನ ಬಿಡುವಿನದು. ಸಣ್ಣ ತಂಡಗಳು ಬದುಕುವುದೇ ಗುಂಪು ಟಿಕೆಟ್‌ಗಳಿಂದ. ಆ ಬಿಡುವಿನಲ್ಲಿ ಮಕ್ಕಳ ಕುಣಿತ ಇಟ್ಟರೆ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರೂ ಬರುತ್ತಾರೆ. ನಮ್ಮ ಕನ್ನಡ ಕೂಟದ ಮಕ್ಕಳಿಂದ ಒಮ್ಮೆ ಕೋಲಾಟ ಇಟ್ಟಿದ್ದೆ. "ಅಣ್ಣಾ, ಮ್ಯಾಚ್ ಗ್ಯಾರಂಟಿ ತಾನೆ? ಮಕ್ಕಳು ವಾರದಿಂದ ಕುಣೀತಾ ಇದ್ದಾವೆ" ಅಂತ ಒಬ್ಬರು ಫೋನ್ ಮಾಡಿ ಕೇಳಿದರು. ಅವರಿಗೆ ಧೈರ್ಯವಾಗಿ ಹೌದು ಅನ್ನಬೇಕಾದರೆ ನನಗೆ ಎದುರಾಳಿ ಮಾಲೀಕನ ಮಾತು ಸಾಲುತ್ತಿರಲಿಲ್ಲ.

ಮಾಲೀಕರು ಯಾವಾಗಲೂ "ಬರ್ತೀವಿ" ಅಂತಲೇ ಹೇಳುತ್ತಾರೆ. ಸುಮ್ನೆ ಕೇಳಿ ಬಿಡುವುದಲ್ಲ. ಒಂದು ವಾರ ಮೊದಲೇ ಆಟಗಾರರ ಪಟ್ಟಿ ಜೆರ್ಸಿ ನಂಬರ್ ಸಮೇತ ಕಳಿಸಿ ಅನ್ನುತ್ತಿದ್ದೆ. ವ್ಯಾನ್ ಓಡಿಸುವವರು ಯಾರು, ಎಷ್ಟು ಗಂಟೆಗೆ ಹೊರಡುತ್ತೀರಿ ಅಂತ ಕೋಚ್‌ಗೆ ಕೇಳುತ್ತಿದ್ದೆ. ಡ್ರೈವರ್ ಯಾರು ಅನ್ನುವುದಕ್ಕೆ ಉತ್ತರ ಬರಲಿಲ್ಲ ಅಂದರೆ ಅವರು ಬರುವುದು ಅನುಮಾನ ಅಂತಲೇ ಲೆಕ್ಕ. ಚಳಿಗಾಲದಲ್ಲಿ ಈರೀ ಸರೋವರದ ದಂಡೆಯ ಐ-90 ರಸ್ತೆಯಲ್ಲಿ ಹಿಮ ಸುರಿಯೋದು ಜಾಸ್ತಿ, ಆ ಕಡೆಯಿಂದ ಬರುವವರಿಗೆ ಹಿಂದಿನ ರಾತ್ರಿಯೇ ಬಂದು ಉಳಿಯಿರಿ ಅನ್ನುತ್ತಿದ್ದೆ.

ಇಷ್ಟಾದರೂ ಒಂದು ಶನಿವಾರ ವ್ಯಾನ್ ಬಂದಾಗ ಅದರಿಂದ ಇಳಿದವರು ಆರೇ ಜನ. ಇಬ್ಬರ ಜೆರ್ಸಿ ಮೇಲೆ ಒಂದೇ ನಂಬರ್. ನಮ್ಮ ಟ್ರೇನರ್ ಕಾಲಿಗೆ ಸುತ್ತುವ ಬಿಳಿ ಟೇಪ್ ತಂದು, ಒಬ್ಬನ ಬೆನ್ನ ಮೇಲಿನ 3ನ್ನು ಎಡಗಡೆ ಎರಡು ತುಂಡು ಅಂಟಿಸಿ 8 ಮಾಡಿದಳು. ಸ್ಕೋರ್ ಟೇಬಲ್‌ನವರು ಶೀಟಿನಲ್ಲಿ ಹೊಡೆದು ತಿದ್ದಿಕೊಂಡರು. ಇಬ್ಬರು ಫೌಲ್ ಹೆಚ್ಚಾಗಿ ಹೊರಬಿದ್ದರೆ, ಐವರು ಆಡಬೇಕಾದ ಅಂಗಳದಲ್ಲಿ ನಾಲ್ಕೇ ಜನ ಉಳಿಯುತ್ತಾರೆ. ಹಾಗಾಗಿ ಎರಡೂ ಕೋಚ್‌ಗಳನ್ನು, ರೆಫರಿಗಳನ್ನು ಕೂರಿಸಿ ಮಾತಾಡಿ, ನಮ್ಮ ಜತೆ ಅಭ್ಯಾಸಕ್ಕೆ ಬರುವ ಹುಡುಗರಿಬ್ಬರನ್ನು ಅವರ ಕಡೆ ಆಡಿಸಿದೆವು. ಪಂದ್ಯ ಚೆನ್ನಾಗಿಯೇ ನಡೆಯಿತು. ಆ ಆರು ಜನ ಎಷ್ಟು ಮನಸ್ಸಿಟ್ಟು ಆಡಿದರು ಅಂದರೆ ನಮ್ಮ ಜನವೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾಲೀಕ ದುಡ್ಡು ಕೊಟ್ಟನೋ ಬಿಟ್ಟನೋ, ಹುಡುಗರು ಮಾತ್ರ ಬಂದು ಆಡಿದ್ದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

ಬರದೇ ಹೋದರೆ? ಅದಕ್ಕೂ ಒಂದು ಏರ್ಪಾಡು ಇಟ್ಟುಕೊಂಡಿದ್ದೆ. ಸುತ್ತಲಿನ ಕಾಲೇಜುಗಳಲ್ಲಿ ಆಡಿ ಬಿಟ್ಟವರ ಒಂದು ತಂಡ, ಫೋನ್ ಮಾಡಿದರೆ ಎರಡು ಗಂಟೆಯೊಳಗೆ ಬರುವವರು. ಇನ್ಶೂರೆನ್ಸ್ ಕಾಗದಕ್ಕೆ ಸೀಸನ್ ಶುರುವಿನಲ್ಲೇ ಸಹಿ, ಅವರ ಜೆರ್ಸಿಗಳು ನಮ್ಮ ಸ್ಟೋರ್ ರೂಮಿನಲ್ಲೇ. ಬಂದಾಗಲೆಲ್ಲ ಹಣ ಕೊಡುತ್ತಿದ್ದೆವು. ಆಡದ ಪಂದ್ಯಕ್ಕೆ ಲೀಗ್ ನಮಗೆ ಗೆಲುವು ಬರೆದುಕೊಡುತ್ತದೆ, ಆದರೆ ಅದನ್ನು ನೋಡಲು ಯಾರೂ ಟಿಕೆಟ್ ಕೊಂಡಿರುವುದಿಲ್ಲ. ಎದುರಾಳಿ ಬದಲಾಗಿದೆ ಅನ್ನುವುದನ್ನು ಮಾತ್ರ ಟಿಕೆಟ್ ತೋರಿಸುವ ಮೊದಲೇ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಕಬೇಕು, ಬೇಡ ಅಂದವರಿಗೆ ಅಲ್ಲೇ ಹಣ ವಾಪಸ್ ಕೊಡಬೇಕು. ನಮ್ಮಲ್ಲಿ ವಾಪಸ್ ಕೇಳಿದವರು ತೀರಾ ಕಡಿಮೆ.